ಒಮ್ಮೆ ಬ್ಯಾಡ ಅನ್ನಬೇಕು

ನಮ್ಮ ಮನೆಯಲ್ಲಿ ಯಾರೂ ಒಂದೇ ಮಾತಿಗೆ ಹೂಂ ಅಂದವರಲ್ಲ. ಊಟಕ್ಕೆ ಏಳ್ರಿ ಅಂದರೆ ಈಗೇನು ಹಸಿವಿಲ್ಲ ಅನ್ನಬೇಕು. ಚಹಾ ತಗೋರಿ ಅಂದರೆ ಈಗಷ್ಟೇ ಆಯಿತು ಅನ್ನಬೇಕು, ಬೆಳಗಿನಿಂದ ಬಾಯಿಗೆ ನೀರು ಬಿದ್ದಿರದಿದ್ದರೂ ಸರಿಯೇ. ಕರೆದವರು ಎರಡನೇ ಸಲ ಕರೆಯುತ್ತಾರೆ, ಆಗ ಸ್ವಲ್ಪ ಮೆತ್ತಗಾಗಬೇಕು. ಮೂರನೇ ಸಲ ಕೈಹಿಡಿದು ಎಳೆಯುತ್ತಾರೆ, ಆಗ "ನಿಮ್ಮ ಮನಸ್ಸು ಯಾಕ ಮುರೀಲಿ" ಎಂದು ಏಳಬೇಕು. ವಿಜಯಪುರದ ಕಡೆಯಿಂದ ಅಪ್ಪ ಅವ್ವ ಒಂದು ಟ್ರಂಕು, ಒಂದು ರೊಟ್ಟಿ ಹಂಚು ಮತ್ತು ಈ ಪದ್ಧತಿಯನ್ನು ಹೊತ್ತುಕೊಂಡು ಮುಂಬೈಗೆ ಬಂದರು. ಟ್ರಂಕಿಗೆ ತುಕ್ಕು ಹಿಡಿಯಿತು, ಹಂಚು ಒಡೆಯಿತು. ಪದ್ಧತಿಗೆ ಬಹುಕಾಲ ಏನೂ ಆಗಲಿಲ್ಲ.

ಇದನ್ನು ಬರೆಯಬೇಕೆನ್ನಿಸಿದ್ದು ನನ್ನ ಮಗಳ ಕಾರಣಕ್ಕೆ. ಅವಳಿಗೆ ಈ ವರ್ಷ ಎಂಜಿನಿಯರಿಂಗ್ ಪ್ರವೇಶದ ಸಂಭ್ರಮ. ಸಂಭ್ರಮ ಅನ್ನುವುದು ತಪ್ಪು, ಸೂತಕ ಅನ್ನಬೇಕು. ಎರಡು ವರ್ಷ ಮನೆಯಲ್ಲಿ ಟಿವಿ ಇಲ್ಲ, ನಗು ಇಲ್ಲ, ನೆಂಟರಿಲ್ಲ. ಬಿಲ್ಡಿಂಗಿನ ಲಿಫ್ಟಿನಲ್ಲಿ ಹೆಂಗಸರು ನಮಸ್ಕಾರದ ಬದಲು ಪರ್ಸೆಂಟೈಲ್ ಕೇಳುತ್ತಾರೆ. ಕಡೆಗೂ ಮೊನ್ನೆ ಮೊದಲ ಸುತ್ತಿನಲ್ಲಿ ಅವಳಿಗೊಂದು ಸೀಟು ಬಂತು, ಮೊಬೈಲಿನಲ್ಲಿ ಒಪ್ಪಿಗೆಯ ಗುಂಡಿ ಒತ್ತಿದರೆ ಅವಳದು. ಒಪ್ಪಿಕೊಳ್ಳಬೇಕೇ, ಇನ್ನೂ ಒಳ್ಳೆಯದಕ್ಕೆ ಕಾಯಬೇಕೇ ಎಂದು ಅವಳು, ಅವಳ ಅಪ್ಪ, ಕ್ಲಾಸಿನ ಮೇಷ್ಟ್ರು ಫೋನಿನಲ್ಲಿ, ಎಲ್ಲರೂ ಸೇರಿ ಎರಡು ದಿನ ತಲೆ ತಿಂದರು. ನಮ್ಮ ಜೊತೆಗಿರುವ ನನ್ನ ಅಪ್ಪ ಮೂಲೆಯ ಕುರ್ಚಿಯಲ್ಲಿ ಕೂತು ಒಂದೇ ಮಾತು ಹೇಳುತ್ತಿದ್ದ.

"ಒತ್ತು. ಮೊದಲ ಅದನ್ನ ಒತ್ತು."

"ಅಜ್ಜಾ, ಆಪ್ ಸಮಝ್ ನಹೀ ರಹೇ. ನೆಕ್ಸ್ಟ್ ರೌಂಡ್‌ನಲ್ಲಿ ಬೆಟರ್ ಸಿಗಬಹುದು ನಾ."

"ಸಿಗತೈತೋ ಬಿಡತೈತೋ. ಕೇಳ್ಯಾರ, ಹೂಂ ಅನ್ನು."

ಅಜ್ಜ ಯಾಕೆ ಹೀಗೆ ಹಟ ಹಿಡಿಯುತ್ತಾನೆ ಎಂದು ಮಗಳು ನನ್ನನ್ನು ಕೇಳಿದಳು. ಹಟವಲ್ಲ, ಅದು ಅವನು ಕಲಿತ ಪಾಠ. ಕಲಿತದ್ದು ನನ್ನ ಖರ್ಚಿನಲ್ಲಿ. ಆ ಪಾಠದ ಕಥೆ ಹೇಳಬೇಕಾದರೆ ನಾವಿದ್ದ ಖೋಲಿಯಿಂದ ಶುರುಮಾಡಬೇಕು.

ಆಂಟಾಪ್ ಹಿಲ್‌ನಲ್ಲಿ ನಮ್ಮದೊಂದು ಖೋಲಿ. ಒಂದು ಅಂದರೆ ಒಂದೇ. ಬಾಗಿಲು ತೆರೆದರೆ ಬಲಕ್ಕೆ ಬಚ್ಚಲು, ಎಡಕ್ಕೆ ಅವ್ವನ ಸ್ಟೌ, ನಡುವೆ ಸಂಸಾರ. ಇದ್ದ ಒಂದು ಮಂಚದ ಮೇಲೆ ನೆಂಟರು, ಅದರ ಕೆಳಗೆ ಜೋಳದ ಹಿಟ್ಟಿನ ಡಬ್ಬಿಗಳು, ಡಬ್ಬಿಗಳ ನಡುವೆ ನನ್ನ ಪುಸ್ತಕ. ನನ್ನ ಪಠ್ಯಪುಸ್ತಕಗಳ ಹಾಳೆ ಕೊಡವಿದರೆ ಒಂದು ರೊಟ್ಟಿಗಾಗುವಷ್ಟು ಹಿಟ್ಟು ಬೀಳುತ್ತಿತ್ತು. ಅವ್ವ ಹತ್ತಿರದ ಒಂದು ಖಾನಾವಳಿಗೆ ರೊಟ್ಟಿ ಮಾಡಿಕೊಡುತ್ತಿದ್ದಳು. ಬೆಳಕು ಹರಿಯುವ ಮೊದಲೇ ಥಪ್ ಥಪ್ ಶುರು. ಆ ಸಪ್ಪಳಕ್ಕೆ ನಾನು ಮಗ್ಗಿ ಕಲಿತೆ, ಆ ಸಪ್ಪಳಕ್ಕೇ ಮುಂದೆ ಕ್ಯಾಲ್ಕುಲಸ್ ಮಾಡಿದೆ. ಬೇರೆಯವರ ಮನೆಯಲ್ಲಿ ಗಡಿಯಾರ ಇರುತ್ತದೆ, ನಮ್ಮ ಮನೆಯಲ್ಲಿ ಅವ್ವನ ಅಂಗೈ ಇತ್ತು. ಸಪ್ಪಳ ನಿಂತಿತೆಂದರೆ ಶಾಲೆಗೆ ಹೊತ್ತಾಯಿತು ಎಂದು ಅರ್ಥ.

ಊರಿನ ಕಡೆಯ ಯಾರೇ ಮುಂಬೈಗೆ ಬಂದರೂ ಮೊದಲ ಊಟ ನಮ್ಮಲ್ಲಿ. ಆಸ್ಪತ್ರೆಗೆ ಬಂದವರು, ಕೆಲಸ ಹುಡುಕಿ ಬಂದವರು, ಸುಮ್ಮನೆ ಸಮುದ್ರ ನೋಡಲು ಬಂದವರು. ಅವ್ವ ಬಡಿಸುವುದನ್ನು ನೋಡಬೇಕಿತ್ತು. ರೊಟ್ಟಿಯ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಬಂದು ತಾಟಿನ ಮುಂದೆ ನಿಲ್ಲುವಳು. ಉಣ್ಣುವವರು ಬ್ಯಾಡ ಎಂದು ತಾಟಿಗೆ ಕೈ ಅಡ್ಡ ಹಿಡಿಯುವರು. ಅವ್ವ ಆ ಕೈಯ ಮೇಲೆಯೇ ರೊಟ್ಟಿ ಹಾಕುವಳು. ಬಿಸಿಗೆ ಕೈ ತಾನಾಗಿ ಹಿಂದೆ ಸರಿಯುತ್ತಿತ್ತು, ರೊಟ್ಟಿ ತಾಟಿಗೆ ಬೀಳುತ್ತಿತ್ತು. "ಕೇಳಿ ಹಾಕೂದು ಹೋಟೆಲ್ಲಿನ್ಯಾಗ. ಬ್ಯಾಡ ಅಂದವ್ರಿಗೆ ಹಾಕೂದಕ್ಕ ಬಡಿಸೂದು ಅಂತಾರ" ಎಂದು ಅವಳು ಹೇಳುತ್ತಿದ್ದಳು. ಅವಳ ಲೆಕ್ಕದಲ್ಲಿ ಒಂದೇ ಸಲಕ್ಕೆ ಹಾಕು ಅಂದವನು ಆಸೆಬುರುಕ, ಒಂದೇ ಸಲ ಕೇಳಿ ಬುಟ್ಟಿ ಎತ್ತಿದವಳು ಜಿಪುಣಿ. ಎರಡೂ ಕಡೆಯವರು ಈ ಆಟದ ನಿಯಮ ಬಲ್ಲವರಾದ್ದರಿಂದ ನಮ್ಮ ಖೋಲಿಯಿಂದ ಆಗೆಲ್ಲ ಯಾರೂ ಹಸಿದು ಹೋಗಲಿಲ್ಲ.

ತೊಂದರೆ ಶುರುವಾದದ್ದು ಖೋಲಿಯ ಹೊರಗೆ. ನಾನಿನ್ನೂ ಚಿಕ್ಕವಳು. ಪಕ್ಕದ ಖೋಲಿಯಲ್ಲಿ ಒಬ್ಬ ತಮಿಳು ಮಾಮಿ ಇದ್ದರು, ಒಳ್ಳೆಯ ಹೆಂಗಸು. ದೀಪಾವಳಿಗೆ ಚಕ್ಕುಲಿ ಕರಿದು, ಬಾಗಿಲಲ್ಲಿ ನಿಂತಿದ್ದ ನನ್ನ ಮುಂದೆ ತಟ್ಟೆ ಹಿಡಿದರು.

"ಲೇಗೀ ಕ್ಯಾ, ಬೇಟಾ?"

"ನಹೀ, ಮಾಮಿ."

"ಅಚ್ಛಾ" ಅಂದವರೇ ತಟ್ಟೆ ಒಳಗೆ ಒಯ್ದರು. ನಾನು ಅಲ್ಲೇ ನಿಂತೆ. ಅವರು ಒಳಗೆ ಡಬ್ಬಿಯ ಮುಚ್ಚಳ ಹಾಕಿದ ಸಪ್ಪಳ ನನಗೆ ಈಗಲೂ ಕೇಳಿಸುತ್ತದೆ. ಅಳುತ್ತ ಮನೆಗೆ ಬಂದೆ.

"ಮತ್ತೊಮ್ಮೆ ಕೇಳಲಿಲ್ಲೇನ ಆಕಿ?" ಎಂದಳು ಅವ್ವ.

"ಇಲ್ಲ."

"ನೀ ಅಲ್ಲೇ ನಿಂತಿದ್ದೆಲ್ಲ?"

"ಭಾಳ ಹೊತ್ತು ನಿಂತಿದ್ದೆ."

ಅವ್ವ ಸ್ವಲ್ಪ ಯೋಚಿಸಿದಳು. "ಹೋಗ್ಲಿ ಬಿಡು. ಅವರ ಕಡೆ ಪದ್ಧತಿ ಬ್ಯಾರೆ ಇರಬೇಕು" ಎಂದು ರೊಟ್ಟಿಗೆ ತುಪ್ಪ, ಬೆಲ್ಲ ಹಚ್ಚಿ ಸುರುಳಿ ಸುತ್ತಿ ಕೈಗೆ ಕೊಟ್ಟಳು. ನಾಳೆಯಿಂದ ಯಾರಾದರೂ ಕೇಳಿದರೆ ಹೂಂ ಅನ್ನು ಎಂದು ಮಾತ್ರ ಹೇಳಲಿಲ್ಲ. ಹೇಳಿದ್ದರೆ ನನ್ನ ಜೀವನದ ಅರ್ಧ ಸಿಟ್ಟು ತಪ್ಪುತ್ತಿತ್ತು.

ಅಪ್ಪ ಮುಂಬೈಯ ಫೋರ್ಟ್ ಭಾಗದ ಒಂದು ಸರ್ಕಾರಿ ಕಚೇರಿಯಲ್ಲಿ ಸಿಪಾಯಿ. ಸಾಹೇಬರ ಕೋಣೆಯ ಬಾಗಿಲಲ್ಲಿ ಅವನಿಗೊಂದು ಸ್ಟೂಲು ಕೊಟ್ಟಿದ್ದರು. ಅದರ ಮೇಲೆ ಫೈಲು ಇಡುತ್ತಿದ್ದ, ತಾನು ನಿಲ್ಲುತ್ತಿದ್ದ. ಕಚೇರಿಯಲ್ಲಿ ಅವನಿಗೆ ಒಳ್ಳೆಯ ಹೆಸರಿತ್ತು, ಏನೂ ಕೇಳದ ಮನುಷ್ಯ ಎಂದು. ಆ ಹೆಸರನ್ನು ಅವನು ಇಸ್ತ್ರಿ ಮಾಡಿದ ಅಂಗಿಯ ಹಾಗೆ ಹಾಕಿಕೊಂಡು ತಿರುಗುತ್ತಿದ್ದ. ದೊಡ್ಡವರು ಏನಾದರೂ ಕೊಡಬಂದರೆ ಅವನ ತಲೆ ಮೊದಲು ಪಕ್ಕಕ್ಕೆ ವಾಲುತ್ತಿತ್ತು, ಆಮೇಲೆ ಒಂದು ನಗು, ಆಮೇಲೆ ಎರಡೂ ಕೈ ಮುಂದೆ ಬಂದು ಬೇಡ ಎಂದು ಅಲ್ಲಾಡುತ್ತಿದ್ದವು. ಬಾಯಿ ಕಡೆಗೆ. ಅಷ್ಟು ಅಭ್ಯಾಸ.

ನಾನು ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಹತ್ತನೆಯದು ಮುಗಿಸಿ ಇಂಗ್ಲಿಷ್ ಕಾಲೇಜಿಗೆ ಹೋದವಳು. ಮೊದಲ ತಿಂಗಳುಗಳಲ್ಲಿ ಭೌತಶಾಸ್ತ್ರದ ಮೇಡಂ ಹೇಳುವುದನ್ನು ಕಿವಿಗೆ ಬಿದ್ದ ಹಾಗೆ ಕನ್ನಡದಲ್ಲಿ ಬರೆದುಕೊಂಡು ಬಂದು, ಮನೆಯಲ್ಲಿ ಡಿಕ್ಷನರಿ ಹಿಡಿದು ಬಿಡಿಸುತ್ತಿದ್ದೆ. ಟ್ಯೂಷನ್ ಕ್ಲಾಸು ಹಚ್ಚಲಿಲ್ಲ. ಆದರೂ ನನಗೆ ಏನಾಗಬೇಕೆಂದು ಗೊತ್ತಿತ್ತು. ಅಪ್ಪನ ತಮ್ಮ ಬಸು ಕಾಕಾ ಜೋಗೇಶ್ವರಿಯಲ್ಲಿ ಬಾಟಲಿಯ ಪ್ಲಾಸ್ಟಿಕ್ ಮುಚ್ಚಳ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿದ್ದ. ಒಮ್ಮೆ ನನ್ನನ್ನು ಕರೆದುಕೊಂಡು ಹೋಗಿ ಮಶೀನು ತೋರಿಸಿದ. ಅದು ಬಾಯಿ ಮುಚ್ಚಿ ತೆರೆದರೆ ಕೆಂಪು ಮುಚ್ಚಳಗಳು ಬಳಬಳ ಉದುರುತ್ತಿದ್ದವು. ಒಳಗೆ ಏನಾಗುತ್ತದೆ ಎಂದು ಕೇಳಿದೆ. ಕಾಕಾನಿಗೆ ಗೊತ್ತಿರಲಿಲ್ಲ, ಅವನ ಸೇಠನಿಗೂ ಗೊತ್ತಿರಲಿಲ್ಲ. "ಎಂಜಿನಿಯರ್ ಬರ್ತಾನ, ಅವಂಗ ಗೊತ್ತು" ಎಂದ. ಅವತ್ತೇ ನನ್ನ ತಲೆಯಲ್ಲಿ ಒಂದು ಸಾಲು ಕೂತಿತು: ಸರ್ಕಾರಿ ಕಾಲೇಜು, ಮೆಕ್ಯಾನಿಕಲ್. ಸರ್ಕಾರಿ ಯಾಕೆಂದರೆ ಅಲ್ಲಿನ ಫೀ ನಮ್ಮಂಥವರು ಕಟ್ಟಬಹುದಾದದ್ದು. ಮತ್ತು ಅಲ್ಲಿ ಓದಿದವರನ್ನು ಯಾರೂ ನೀನು ಎಲ್ಲಿಂದ ಬಂದೆ ಎಂದು ಕೇಳುವುದಿಲ್ಲ ಎಂದು ಯಾರೋ ಹೇಳಿದ್ದರು. ಅದು ಸುಳ್ಳು ಎಂದು ಆಮೇಲೆ ತಿಳಿಯಿತು, ಆದರೆ ಆಗ ನಂಬಿದ್ದೆ.

ನನ್ನ ಹನ್ನೆರಡನೆಯ ಕ್ಲಾಸಿನ ವರ್ಷ ಬಸು ಕಾಕಾ ನಮ್ಮ ಮನೆಯ ಶಿಕ್ಷಣ ಮಂತ್ರಿಯಾದ. ಅವನ ಸೇಠನ ಮಗನೂ ಆ ವರ್ಷವೇ ಪರೀಕ್ಷೆಗೆ ಕೂತಿದ್ದ. ಭಾನುವಾರ ಬಂತೆಂದರೆ ಕಾಕಾ ಲೋಕಲ್ ಹಿಡಿದು ಬಂದು ಮಂಚದ ಮೇಲೆ ಕಾಲು ಮಡಚಿ ಕೂತು, ಸೇಠನ ಮನೆಯ ವರದಿ ಒಪ್ಪಿಸುತ್ತಿದ್ದ. ಅಲ್ಲಿ ಏನು ಮಾಡುತ್ತಾರೋ ಅದೆಲ್ಲ ಇಲ್ಲೂ ಆಗಬೇಕು.

"ವೈನಿ, ಆ ರೊಟ್ಟಿ ಬಡಿಯೂದು ಬಂದ್ ಮಾಡ್ರಿ. ಸೇಠನ ಮಗ ಓದೂ ಮುಂದ ಫ್ಯಾನಿನ ಸಪ್ಪಳಾನೂ ಇರೂದಿಲ್ಲ. ಏಸಿ ಐತಿ."

"ಏಸಿ ತಂದು ಹಚ್ಚು, ರೊಟ್ಟಿ ಬಿಡ್ತೀನಿ" ಎನ್ನುವಳು ಅವ್ವ.

"ಮುಂಜಾನೆ ಬಾದಾಮಿ ನೆನಸಿ ಕೊಡ್ತಾರ ಅವಂಗ."

"ಶೇಂಗಾ ಐತಿ. ನಡೀತೈತೇನ ಕೇಳು ನಿಮ್ಮ ಸೇಠಗ."

"ನಗಬ್ಯಾಡ್ರಿ ವೈನಿ. ಕಾಂಪಿಟೇಶನ್ ಐತಿ."

ಕಾಂಪಿಟೇಶನ್ ಎಂಬ ಶಬ್ದವನ್ನು ಅವನು ಹೊಸದಾಗಿ ಬಂದ ರೋಗದ ಹೆಸರಿನಂತೆ ಹೇಳುತ್ತಿದ್ದ. ಅವ್ವ ಬಾಯಲ್ಲಿ ನಕ್ಕರೂ ಮನಸ್ಸಿನಲ್ಲಿ ಹೆದರಿದಳು. ಮರುವಾರ ಹಿಟ್ಟು, ಹಂಚು, ಸ್ಟೌ ಎಲ್ಲ ಎತ್ತಿಕೊಂಡು ಪಕ್ಕದ ಮಾಮಿಯ ಖೋಲಿಗೆ ಹೋದಳು. ಅಲ್ಲಿ ರೊಟ್ಟಿ, ಇಲ್ಲಿ ಮೌನ. ಆ ಮೌನದಲ್ಲಿ ನನಗೆ ಒಂದು ಲೆಕ್ಕ ಬಿಡಿಸಲಾಗಲಿಲ್ಲ. ನಲ್ಲಿಯ ಹನಿ ಕೇಳಿಸುತ್ತದೆ, ಓಣಿಯ ಜಗಳ ಕೇಳಿಸುತ್ತದೆ, ನನ್ನದೇ ಉಸಿರು ಕೇಳಿಸುತ್ತದೆ. ಕಡೆಗೆ ಪುಸ್ತಕ ಎತ್ತಿಕೊಂಡು ನಾನೂ ಮಾಮಿಯ ಖೋಲಿಗೆ ಹೋಗಿ ಅವ್ವನ ಪಕ್ಕ ಕೂತೆ. ಮಾಮಿ ಇಬ್ಬರನ್ನೂ ನೋಡಿ ಹಣೆ ಚಚ್ಚಿಕೊಂಡರು. ಮರುದಿನ ಸ್ಟೌ ಮನೆಗೆ ವಾಪಸು ಬಂತು. ಕಾಕಾನಿಗೆ ಯಾರೂ ಹೇಳಲಿಲ್ಲ.

ಮಾರ್ಕು ಬಂದವು. ಚೆನ್ನಾಗಿಯೇ ಬಂದವು. ಸೇಠನ ಮಗನಿಗಿಂತ ಹೆಚ್ಚು ಬಂದವು ಎಂದು ಕಾಕಾ ಸ್ಟೇಷನ್ನಿನಿಂದ ಮನೆಯವರೆಗೆ ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತ ಬಂದ. ಅವ್ವ ಮಾಮಿಗೆ ಸಕ್ಕರೆ ಕೊಡಲು ಹೋದಳು. ಮಾಮಿ ಒಂದೇ ಸಲಕ್ಕೆ ತೆಗೆದುಕೊಂಡರು. ಈಗ ಉಳಿದದ್ದು ಸೀಟು.

ಈಗಿನ ಹಾಗೆ ಮೊಬೈಲಿನಲ್ಲಿ ಮುಗಿಯುವ ಕೆಲಸ ಅದಾಗಿರಲಿಲ್ಲ. ಒಂದು ದೊಡ್ಡ ಹಾಲ್, ಒಳಗೆ ನೂರಾರು ಕುರ್ಚಿ, ಮುಂದೆ ಒಂದು ಮೇಜು, ಮೇಜಿನ ಹಿಂದೆ ಕಪ್ಪು ಹಲಗೆ. ಯಾವ ಕಾಲೇಜಿನಲ್ಲಿ ಯಾವ ವಿಷಯದ ಎಷ್ಟು ಸೀಟು ಉಳಿದಿವೆ ಎಂದು ಹಲಗೆಯ ಮೇಲೆ ಬರೆದಿರುತ್ತಿತ್ತು. ಮಾರ್ಕಿನ ಪ್ರಕಾರ ಒಬ್ಬೊಬ್ಬರನ್ನೇ ಕರೆಯುತ್ತಿದ್ದರು. ಬೇಕು ಅಂದರೆ ಸೀಟು ನಿನ್ನದು, ಒಬ್ಬ ಬಂದು ಅಂಕಿ ಒರೆಸಿ ಒಂದು ಕಡಿಮೆ ಬರೆಯುತ್ತಾನೆ. ಬೇಡ ಅಂದರೆ ಆ ಸುತ್ತಿನ ಸರದಿ ಮುಗಿಯಿತು, ಮುಂದಿನ ಸುತ್ತಿನಲ್ಲಿ ಉಳಿದದ್ದನ್ನು ನೋಡಬೇಕು. ನಿಯಮವನ್ನು ಬಾಗಿಲಲ್ಲೇ ಅಂಟಿಸಿದ್ದರು. ನಾನು ಓದಿ ಅಪ್ಪನಿಗೆ ಹೇಳಿದೆ. ಅವನು ಹೂಂ ಹೂಂ ಎಂದ. ನಿಯಮ ಅವನಿಗೆ ಅರ್ಥವಾಗಿತ್ತು. ಕಚೇರಿಯ ಮನುಷ್ಯ, ನಿಯಮ ಅರ್ಥವಾಗದಿರುವುದು ಹೇಗೆ.

ನಾವು ಮಧ್ಯದ ಸಾಲಿನಲ್ಲಿ ಕೂತೆವು. ಅಂದರೆ ನಾನು ಕೂತೆ, ಅಪ್ಪ ಗೋಡೆಗೆ ಒರಗಿ ನಿಂತ. ಹಲಗೆಯ ಮೇಲೆ ಸರ್ಕಾರಿ ಕಾಲೇಜಿನ ಮೆಕ್ಯಾನಿಕಲ್ ಅಂಕಿ ಇಳಿಯುತ್ತಾ ಬಂತು. ಐದಾಯಿತು, ಮೂರಾಯಿತು. ಒಂದು ಎಂದು ಬರೆದು ಅವನು ಸೀಮೆಸುಣ್ಣ ಕೆಳಗಿಟ್ಟಾಗ ನನ್ನ ಹೆಸರು ಕರೆದರು.

ಮೇಜಿನ ಆಚೆ ಕೂತಿದ್ದವರು ಬಿಳಿ ಕೂದಲಿನ ಒಬ್ಬ ಮರಾಠಿ ಅಧಿಕಾರಿ. ಬೆಳಗಿನಿಂದ ಹೆಸರು ಕರೆದೂ ಕರೆದೂ ದನಿ ಬಿದ್ದುಹೋಗಿತ್ತು, ಆದರೂ ಮರ್ಯಾದಸ್ಥರು. ಅಪ್ಪನನ್ನು ನೋಡಿ ಕುರ್ಚಿ ತೋರಿಸಿದರು.

"ಬಸಾ, ಬಸಾ."

"ನಕೋ ಸಾಹೇಬ್" ಎಂದ ಅಪ್ಪ, ಬೇಡ ಎಂದು. ತಲೆ ಪಕ್ಕಕ್ಕೆ ವಾಲಿತು.

ಅಷ್ಟರಲ್ಲಿ ಅವರಿಗೆ ಚಹಾ ಬಂತು. ಒಂದು ಲೋಟ ಅಪ್ಪನ ಕಡೆ ಸರಿಸಿದರು. "ಚಹಾ ಘ್ಯಾ."

"ನಕೋ ನಕೋ ಸಾಹೇಬ್." ನಗು ಬಂತು.

ಅವರು ಹಲಗೆಯ ಕಡೆ ತಿರುಗಿ ನೋಡಿ, ಮತ್ತೆ ಅಪ್ಪನ ಮುಖ ನೋಡಿದರು. "ಸರಕಾರಿ, ಮೆಕ್ಯಾನಿಕಲ್. ಏಕಚ್ ಸೀಟ್ ಆಹೇ. ಘೇತಾ ಕಾ?" ಒಂದೇ ಇದೆ, ತಗೊಳ್ತೀರಾ ಎಂದು.

ನನ್ನ ಬಾಯಿ ತೆರೆದಿತ್ತು. ಹಿರಿಯರು ಇದ್ದಾಗ ಮೊದಲು ಮಾತಾಡಬಾರದು ಎಂಬುದು ನಮ್ಮ ಮನೆಯ ಇನ್ನೊಂದು ಪದ್ಧತಿ, ಹಾಗಾಗಿ ಒಂದು ಉಸಿರು ತಡೆದೆ. ಆ ಒಂದು ಉಸಿರಿನಲ್ಲಿ ಅಪ್ಪನ ಎರಡೂ ಕೈ ಮುಂದೆ ಬಂದು ಅಲ್ಲಾಡಿದವು.

"ನಕೋ ಸಾಹೇಬ್, ರಾಹೂ ದ್ಯಾ." ಬೇಡ, ಇರಲಿ ಬಿಡಿ.

"ಠೀಕ್ ಆಹೇ. ಪುಢಚಾ" ಎಂದರು ಅಧಿಕಾರಿ. ಆಯಿತು, ಮುಂದಿನವರು.

ಮುಂದಿನವರು ಬಾಂದ್ರಾದ ಯಾರೋ ತಂದೆ ಮಗ. ತಂದೆ ಪೆನ್ನಿನ ಮುಚ್ಚಳ ತೆಗೆದುಕೊಂಡೇ ಬಂದಿದ್ದರು. ಕುರ್ಚಿಯಲ್ಲಿ ಕೂತವರೇ, ಪ್ರಶ್ನೆ ಮುಗಿಯುವ ಮೊದಲೇ ಹೋ ಹೋ, ಹೌದು ಹೌದು ಎಂದರು. ನಾನು ಮೇಜು ಹಿಡಿದುಕೊಂಡು "ಸರ್, ಮಲಾ ಹವೀ, ಹವೀ ಸರ್" ಅನ್ನುತ್ತಿದ್ದೆ. ನನಗೆ ಬೇಕು ಎಂದು ನಾನು ಯಾವ ಭಾಷೆಯಲ್ಲಾದರೂ ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು. ಅಧಿಕಾರಿಗೆ ಬೇಸರವಾಯಿತು. ಅವರು ಕೆಟ್ಟವರಲ್ಲ.

"ಬಾಳ, ವಡೀಲ್ ನಕೋ ಮ್ಹಣಾಲೇ. ಮೀ ಕಾಯ್ ಕರೂ?" ನಿಮ್ಮ ತಂದೆಯೇ ಬೇಡ ಅಂದರಲ್ಲಮ್ಮ, ನಾನೇನು ಮಾಡಲಿ.

ಹಲಗೆಯ ಮೇಲೆ ಒಂದನ್ನು ಒರೆಸಿ ಸೊನ್ನೆ ಬರೆದರು. ಅಪ್ಪ ಇನ್ನೂ ನಗುತ್ತ ನಿಂತಿದ್ದ. ನನ್ನ ಕಡೆ ಬಗ್ಗಿ ಮೆಲ್ಲಗೆ ಹೇಳಿದ:

"ತಡಿ. ಮತ್ತ ಕೇಳತಾರ."

"ಕೇಳೂದಿಲ್ಲಪ್ಪಾ. ಆತು."

"ಕೇಳತಾರ ತಡೀ."

ಆ ಹಾಲಿನ ಸಿಪಾಯಿ, ಅಪ್ಪನಂಥವನೇ, ಅಂಥದೇ ಖಾಕಿ ಅಂಗಿ, ಬಂದು ಅಪ್ಪನ ಮೊಣಕೈ ಹಿಡಿದು "ಕಾಕಾ, ಚಲಾ" ಎಂದು ಪಕ್ಕಕ್ಕೆ ಸರಿಸಿದ. ಆಗ ಅಪ್ಪನ ಮುಖದ ನಗು ಹೋಯಿತು.

ವಾಪಸು ಬರುವಾಗ ಲೋಕಲ್‌ನಲ್ಲಿ ಅಪರೂಪಕ್ಕೆ ಇಬ್ಬರಿಗೂ ಜಾಗ ಸಿಕ್ಕಿತು. ಅಪ್ಪ ತನ್ನದನ್ನು ಬೇರೆ ಯಾರಿಗೋ ಬಿಟ್ಟುಕೊಟ್ಟ. ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ. ಅವನ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಆದರೆ ಆ ಕ್ಷಣದಲ್ಲಿ ಅವನ ಒಳ್ಳೆಯತನ ಕಂಡರೆ ಮೈ ಉರಿಯುತ್ತಿತ್ತು. ಜಗತ್ತಿನ ಯಾವ ಅಪ್ಪನೂ ಮಗಳ ಸೀಟನ್ನು ಚಹಾದ ಲೋಟದಂತೆ ಹಿಂದೆ ಸರಿಸಿರಲಾರ.

ಸುದ್ದಿ ಕೇಳಲು ಕಾಕಾ ಆಗಲೇ ಬಂದು ಮಂಚದ ಮೇಲೆ ಕೂತಿದ್ದ. ಕೈಯಲ್ಲಿ ಪೇಢೆಯ ಪೊಟ್ಟಣ. ನಾನು ನಡೆದದ್ದು ಹೇಳಿದೆ. ಪೊಟ್ಟಣ ಬಿಚ್ಚಲಿಲ್ಲ.

"ಅಣ್ಣಾ, ಬ್ಯಾಡ ಅಂದ್ಯಾ? ಸರ್ಕಾರಿ ಕಾಲೇಜ ಬ್ಯಾಡ ಅಂದ್ಯಾ ನೀ?"

"ನಾ ಎಲ್ಲೆ ಬ್ಯಾಡ ಅಂದೆ? ಒಮ್ಮೆ ಅಂದೆ."

"ಒಮ್ಮೆ ಅಂದ್ರ ಸಾಕಲ್ಲೋ."

"ದೊಡ್ಡ ಮನುಷ್ಯಾರು ಕೇಳಿದ ಕೂಡ್ಲೆ ಆ ಅಂತ ಬಾಯಿ ತಗೀಲೇನು? ಅವರೂ ಮತ್ತೊಮ್ಮೆ ಕೇಳಬೇಕಿತ್ತು."

"ಅದೇನ ಬೀಗರ ಮನಿ ಏನು, ಹೋಳಿಗಿ ಹಾಕೂ ಮುಂದ ಕೈ ಅಡ್ಡ ಹಿಡಿಯಾಕ?"

"ಬಸ್ಯಾ, ಬಾಯಿ ಮುಚ್ಚು."

"ಮುಚ್ಚತೀನಿ. ನೀ ತಗೀಬೇಕಾದಾಗ ತಗೀಲಿಲ್ಲ, ನಾ ಮುಚ್ಚತೀನಿ."

ಅವ್ವ ಸ್ಟೌ ಮುಂದೆ ಕೂತು ಬೆನ್ನು ನಮ್ಮ ಕಡೆ ಮಾಡಿ ರೊಟ್ಟಿ ತಟ್ಟುತ್ತಿದ್ದಳು. ನನಗೆ ಅದೂ ಸಹಿಸಲಾಗಲಿಲ್ಲ.

"ಮಾಮಿ ಚಕ್ಕುಲಿ ಒಳಗ ಒಯ್ದಳಲ್ಲವ್ವಾ" ಎಂದೆ, "ಅವತ್ತ ಹೇಳಬೇಕಿತ್ತು ನೀ. ನನಗೂ ಹೇಳಬೇಕಿತ್ತು, ಅಪ್ಪಗೂ ಹೇಳಬೇಕಿತ್ತು. ಈ ಊರಾಗ ಯಾರೂ ಎರಡನೇ ಸಲ ಕೇಳೂದಿಲ್ಲ ಅಂತ."

ತಟ್ಟುವ ಸಪ್ಪಳ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು.

ಊಟಕ್ಕೆ ಕೂತೆವು. ಕಾಕಾ, ಅಪ್ಪ, ನಾನು ಒಂದು ಸಾಲು. ಬದನೇಕಾಯಿ ಎಣಗಾಯಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿ. ಅವ್ವ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಎರಡನೇ ಸಲ ಬಡಿಸಲು ಬಂದಳು.

"ಹಾಕ್ಲ್ಯಾ?"

"ಬ್ಯಾಡ್ರಿ ವೈನಿ, ಹೊಟ್ಟಿ ತುಂಬೇತಿ" ಎಂದು ಕಾಕಾ ಎಂದಿನಂತೆ ತಾಟಿಗೆ ಕೈ ಅಡ್ಡ ಹಿಡಿದ.

ಅವ್ವ ಮುಂದೆ ಹೋದಳು. ಕಾಕಾನ ಕೈ ಹಾಗೇ ಇತ್ತು, ಖಾಲಿ ತಾಟಿನ ಮೇಲೆ, ಬರದಿರುವ ರೊಟ್ಟಿಯ ಬಿಸಿಗೆ ಕಾಯುತ್ತ. ಅವ್ವ ಅಪ್ಪನ ಮುಂದೆ ನಿಂತಳು.

"ಹಾಕ್ಲ್ಯಾ?"

"ಬ್ಯಾಡ."

ಅವಳು ಬುಟ್ಟಿಗೆ ಬಟ್ಟೆ ಮುಚ್ಚಿ, ಸ್ಟೌ ಪಕ್ಕ ಇಟ್ಟು, ಗೋಡೆಗೆ ಒರಗಿ ಕೂತಳು. ನನಗೆ ತಿಳಿದಂತೆ ಅವಳ ಜೀವನದಲ್ಲಿ ಯಾರ ಬ್ಯಾಡವನ್ನೂ ಅವಳು ನಂಬಿದವಳಲ್ಲ. ಅಪ್ಪ ತಾಟಿನಲ್ಲಿದ್ದ ಚಟ್ನಿಯನ್ನು ಬೆರಳಿನಿಂದ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಿದ. ಮತ್ತೆ ಮೊದಲಿನ ಕಡೆಗೆ ಸರಿಸಿದ. ಬೆಳಗಿನಿಂದ ಈ ಊಟಕ್ಕೆ ಕೂರುವ ತನಕ ಅವನು ಏನೂ ತಿಂದಿರಲಿಲ್ಲ, ಅದು ಅವ್ವನಿಗೂ ಗೊತ್ತಿತ್ತು. ಅವ್ವ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು. ಅಪ್ಪ ಬುಟ್ಟಿಯ ಕಡೆ ನೋಡಿದ, ಅವಳ ಕಡೆ ನೋಡಿದ, ನನ್ನ ಕಡೆ ನೋಡಲಿಲ್ಲ.

"ಹಾಕು" ಎಂದ.

ಆ ಶಬ್ದ ಅವನ ಬಾಯಿಂದ ಬಂದದ್ದನ್ನು ನಾನು ಮೊದಲ ಬಾರಿ ಕೇಳಿದೆ. ಏನೋ ಒಡೆದ ಹಾಗೆ ಬಂತು.

"ನನಗೂ, ವೈನಿ" ಎಂದ ಕಾಕಾ ಅವಸರದಿಂದ.

ಅವ್ವ ಎದ್ದು ಇ‌ಬ್ಬರಿಗೂ ಹಾಕಿದಳು. ನಗಲಿಲ್ಲ. ನಾನು ಮಾತ್ರ ಕೇಳುವ ಮೊದಲೇ ತಾಟು ಮುಂದೆ ಹಿಡಿದೆ. ಅವತ್ತಿನಿಂದ ಅವ್ವ ಯಾರನ್ನೂ ಎರಡನೇ ಸಲ ಕೇಳಲಿಲ್ಲ. ನಮ್ಮ ಮನೆಗೆ ಬಂದ ಎಷ್ಟು ನೆಂಟರು ಅರ್ಧ ಹೊಟ್ಟೆಯಲ್ಲಿ ಎದ್ದು ಹೋದರೋ, ಊರಲ್ಲಿ ಅವ್ವನಿಗೆ ಎಂಥ ಹೆಸರು ಬಂತೋ, ಅದನ್ನು ಆಕೆ ಎಂದೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಎರಡನೇ ಸುತ್ತಿಗೆ ಮತ್ತೆ ಅದೇ ಹಾಲ್‌ಗೆ ಹೋದೆವು. ಸರ್ಕಾರಿ ಕಾಲೇಜುಗಳ ಮುಂದೆಲ್ಲ ಸೊನ್ನೆ. ಯಾವ ಕಾಲೇಜಿನಲ್ಲೂ ಮೆಕ್ಯಾನಿಕಲ್ ಇರಲಿಲ್ಲ. ಉಪನಗರದ ಖಾಸಗಿ ಕಾಲೇಜುಗಳಲ್ಲಿ ಅಲ್ಲೊಂದು ಇಲ್ಲೊಂದು ಉಳಿದಿದ್ದವು, ಮೊದಲು ಬಂದವರು ಆರಿಸಿ ಬಿಟ್ಟ ತರಕಾರಿಯ ಹಾಗೆ. ಈ ಸಲ ಅಪ್ಪ ಗೋಡೆಗೆ ಒರಗಲಿಲ್ಲ. ನನ್ನ ಪಕ್ಕದ ಕುರ್ಚಿಯಲ್ಲಿ ಕೂತ. ತುದಿಯಲ್ಲಿ ಕೂತ, ಆದರೂ ಕೂತ. ದಾರಿಯುದ್ದಕ್ಕೂ ಅವನು ತುಟಿ ಅಲ್ಲಾಡಿಸುತ್ತ ಬಂದದ್ದನ್ನು ನೋಡಿದ್ದೆ. ದೇವರ ಹೆಸರು ಹೇಳುತ್ತಿದ್ದಾನೆ ಅಂದುಕೊಂಡಿದ್ದೆ.

ಹೆಸರು ಕರೆದರು. ಮೇಜಿನ ಆಚೆ ಬೇರೆ ಅಧಿಕಾರಿ, ಕನ್ನಡಕ ಹಾಕಿದ ಹೆಂಗಸು. ಅವರು ಕುರ್ಚಿ ತೋರಿಸುವ ಮೊದಲೇ ಅಪ್ಪ ಕೂತುಬಿಟ್ಟ. ಅವರು ಹಲಗೆಯ ಕಡೆ ಬೆರಳು ತೋರಿಸಿ, "ಹೇ ಬಘಾ, ಹ್ಯಾ ಕಾಲೇಜಾತ್..." ಎಂದು ಶುರುಮಾಡಿದರು.

"ಹವೀ" ಎಂದ ಅಪ್ಪ. ಇಡೀ ಹಾಲ್‌ಗೆ ಕೇಳಿಸಿತು. "ಹವೀ, ಮ್ಯಾಡಂ. ದ್ಯಾ."

ಬೇಕು, ಕೊಡಿ. ದಾರಿಯುದ್ದಕ್ಕೂ ತುಟಿಯಲ್ಲಿ ಉರುಹೊಡೆದದ್ದು ಅದನ್ನೇ.

"ಅಹೋ, ವಿಷಯ ತರೀ ಐಕಾ" ಎಂದು ಅವರು ನಕ್ಕರು. ಯಾವ ವಿಷಯ ಎಂದಾದರೂ ಕೇಳಿ.

"ನಕೋ ಐಕಾಯ್ಲಾ. ಹವೀ." ಕೇಳುವುದು ಬೇಡ, ಬೇಕು.

ಸಹಿ ಎಲ್ಲಿ ಹಾಕಬೇಕೆಂದು ತೋರಿಸಿದರು. ನಾನು ಹಾಕಿದೆ. ಅವರು ಕೊಟ್ಟ ಚೀಟಿಯಲ್ಲಿ ಇನ್‌ಸ್ಟ್ರುಮೆಂಟೇಶನ್ ಎಂದಿತ್ತು. ನಾನು ಆ ಶಬ್ದವನ್ನು ಅಲ್ಲಿಯವರೆಗೆ ಎರಡು ಸಲ ಕೇಳಿದ್ದರೆ ಹೆಚ್ಚು. ಹೊರಗೆ ಬಂದೆವು. ಮೆಟ್ಟಿಲ ಮೇಲೆ ಅಪ್ಪ ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡ. ಗುಡ್ಡ ಹತ್ತಿ ಬಂದವನ ಹಾಗಿದ್ದ.

"ಏನ ಕೊಟ್ರವ್ವಾ ಅವ್ರು?"

ಹೇಳಿದೆ. ಅವನು ಒಮ್ಮೆ ಹೇಳಲು ನೋಡಿ ನಡುವೆ ಬಿಟ್ಟ.

"ಛಲೋದೇನ ಅದು?"

"ಗೊತ್ತಿಲ್ಲಪ್ಪಾ." ನನ್ನ ಸಿಟ್ಟು ಇಳಿದಿರಲಿಲ್ಲ, ದನಿಯಲ್ಲಿತ್ತು. "ಮೆಕ್ಯಾನಿಕಲ್ ಅಲ್ಲ."

ಅವನು ಚೀಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಓದಲು ಬಾರದಿದ್ದರೂ ತಲೆಕೆಳಗಾಗಿ ಹಿಡಿಯದೆ ಸರಿಯಾಗಿ ಹಿಡಿದು ನೋಡಿದ. ಆಮೇಲೆ ಮಡಿಚಿ ನನಗೇ ಕೊಟ್ಟ.

"ಇರ್ಲಿ. ತಾಟಿನ್ಯಾಗ ಹಾಕ್ಯಾರ. ಉಣ್ಣು" ಎಂದ.

ಖಾಸಗಿ ಕಾಲೇಜಿನ ಫೀ ಕಟ್ಟಬೇಕಿತ್ತು, ಅವ್ವನ ಖಾನಾವಳಿ ರೊಟ್ಟಿಯ ಸಪ್ಪಳ ಆ ವಾರದಿಂದ ಸಂಜೆಗೂ ಶುರುವಾಯಿತು. ನಾನು ಅದೇ ಸಪ್ಪಳಕ್ಕೆ, ಯಾರಿಗೂ ಬೇಡವಾಗಿದ್ದ ಆ ವಿಷಯವನ್ನು ನಾಲ್ಕು ವರ್ಷ ಉಂಡೆ. ಎರಡೂ ಮನೆತನಗಳಲ್ಲಿ ಮೊದಲ ಡಿಗ್ರಿ ನನ್ನದು, ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ಕಾರ್ಖಾನೆಗಳ ಮೀಟರುಗಳು ಸರಿ ಹೇಳುತ್ತಿವೆಯೋ ಸುಳ್ಳು ಹೇಳುತ್ತಿವೆಯೋ ಎಂದು ನೋಡುವುದು ನನ್ನ ಕೆಲಸ. ಆ ಕೆಲಸ ಬೇಕಾ ಎಂದು ಕಂಪನಿಯವರು ಕೇಳಿದಾಗ, ಪ್ರಶ್ನೆ ಮುಗಿಯಲು ನಾನು ಬಿಡಲಿಲ್ಲ.